ಹದಿನೆಂಟು ಡೆಸಿಬೆಲ್

ಮೊದಲನೇ ಚೀಲ ಹೊಲಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಬಂದು ಕಂಡುಹಿಡಿದರು ಅನ್ನುವುದು ಬೇಡ.

ಸೈಕಲ್ ಟ್ಯೂಬಿನ ಎರಡು ತುಂಡು, ನಡುವೆ ಬೆರಳು ದಪ್ಪ ವೇಸ್ಟ್ ನೂಲು, ಹೊಲಿಗೆಯ ಮೇಲೆ ಕರಗಿಸಿ ಹನಿಸಿದ ಮೇಣ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಚೀಲ. ಅದರೊಳಗೆ ಕಿವಿಬಿಲ್ಲೆ ಇಟ್ಟು ಲಾಡಿ ಎಳೆದುಬಿಟ್ಟರೆ ನಮ್ಮ ಪಾವರ್‌ಲೂಮ್ ಕಾರ್ಖಾನೆಯ ಅಬ್ಬರ ಬಿಲ್ಲೆಯ ಮಟ್ಟಿಗೆ ಪಕ್ಕದ ಓಣಿಯ ಗದ್ದಲವಾಗುತ್ತಿತ್ತು.

ಕಿವಿಬಿಲ್ಲೆಯ ಕಾನೂನು ಬಂದು ನಾಲ್ಕು ವರ್ಷವಾಯಿತು. ಗದ್ದಲದಲ್ಲಿ ದುಡಿಯುವ ಪ್ರತಿಯೊಬ್ಬರೂ ಹೆಗಲ ಮೇಲೆ, ಕಿವಿಗೆ ಒಂದು ಗೇಣಿನೊಳಗೆ, ನಾಣ್ಯದಗಲದ ಈ ಬಿಲ್ಲೆ ಚುಚ್ಚಿಕೊಂಡಿರಬೇಕು. ಅದರೊಳಗೆ ಒಂದು ಸೆನ್ಸರ್. ಸದ್ದು ಅಂದರೆ ಗಾಳಿಯ ತಳ್ಳಾಟ. ಆ ತಳ್ಳಾಟಕ್ಕೆ ಸೆನ್ಸರಿನ ತೆಳು ಪರದೆ ನಡುಗುತ್ತದೆ, ನಡುಕ ಕರೆಂಟಾಗುತ್ತದೆ, ಕರೆಂಟು ಅಂಕಿಯಾಗುತ್ತದೆ. ಸೆಕೆಂಡಿಗೊಂದು ಅಂಕಿ. ಯಾರು ಏನು ಮಾತಾಡಿದರು ಅನ್ನುವುದು ಅದಕ್ಕೆ ಬೇಕಿಲ್ಲ, ಎಷ್ಟು ಜೋರು ಅನ್ನುವುದಷ್ಟೇ ಬೇಕು. ಎಂಬತ್ತೈದು ಡೆಸಿಬೆಲ್ಲಿನಲ್ಲಿ ಮನುಷ್ಯ ದಿನಕ್ಕೆ ಎಂಟು ತಾಸು ಇರಬಹುದು. ಮೂರು ಏರಿದರೆ ನಾಲ್ಕೇ ತಾಸು. ಮತ್ತೆ ಮೂರು ಏರಿದರೆ ಎರಡು. ಆ ದಿನದ ಪಾಲು ಮುಗಿದ ಕೂಡಲೇ ಬಿಲ್ಲೆಯ ಹಸಿರು ದೀಪ ಕೆಂಪಾಗುತ್ತದೆ, ತೊಟ್ಟವರ ಮಗ್ಗದ ಕರೆಂಟು ತಾನೇ ಕಡಿದುಹೋಗುತ್ತದೆ.

ನಮ್ಮ ಕಾರ್ಖಾನೆಯಲ್ಲಿ ತೊಂಬತ್ತೇಳು. ಅಂದರೆ ಅರ್ಧ ತಾಸು.

ಅರ್ಧ ತಾಸಿಗೆ ಮಗ್ಗ ನಿಂತರೆ ಸಾವಕಾರ ವಿಧಿಯಿಲ್ಲದೆ ಸದ್ದು ಕಡಿಮೆ ಮಾಡುವ ಹೊಸ ಮಗ್ಗ ತರುತ್ತಾನೆ ಎಂದು ಕಾನೂನು ಬರೆದವರು ಅಂದುಕೊಂಡಿದ್ದರು. ಏಸಿ ಕೋಣೆಯಲ್ಲಿ ಕೂತವರಿಗೆ ಹೀಗೆಲ್ಲ ಹೊಳೆಯುತ್ತದೆ. ಸಾವಕಾರ ತರಲಿಲ್ಲ. ನೇಯ್ದ ಮೀಟರಿನ ಮೇಲೆ ಕೂಲಿ ಪಡೆಯುವ ಮೂವತ್ತೊಂದು ಹೆಣ್ಣುಮಕ್ಕಳು ನಿಂತ ಮಗ್ಗದ ಮುಂದೆ ಕೈಕಟ್ಟಿ ಕೂತರು. ಸಾವಕಾರ ಬಾಗಿಲಲ್ಲಿ ನಿಂತು, "ನಾ ಏನ್ ಮಾಡ್ಲಿ? ಬಿಲ್ಲಿ ಕೆಂಪ ಆಗ್ಲಾರದಂಗ ನೋಡ್ಕೋರಿ" ಅಂದು ಹೊರಟುಹೋದ. ಅಷ್ಟೇ ಅವನ ಮಾತು. ಕೋರ್ಟಿಗೆ ಹೋದರೂ ಅದರಲ್ಲಿ ತಪ್ಪು ಸಿಗುವುದಿಲ್ಲ.

ನಾನು ಅಲ್ಲಿ ಜಾಬರ್, ಮಗ್ಗ ಕೆಟ್ಟರೆ ರಿಪೇರಿ ಮಾಡುವವನು. ನಮ್ಮವ್ವ ದಾನವ್ವ ಅಲ್ಲೇ ಇಪ್ಪತ್ತೆರಡು ವರ್ಷದಿಂದ ನೇಯುತ್ತಿದ್ದವಳು. ಆವತ್ತು ಮನೆಯಲ್ಲಿ ಅವಳೇ ಕೇಳಿದಳು: "ಬಾಳ್ಯಾ, ಊರ ಮಗ್ಗ ಎಲ್ಲಾ ರಿಪೇರಿ ಮಾಡ್ತಿ. ಇದರ ಕಿವಿ ಒಂದು ಮುಚ್ಚಾಕ ಏನರ ಮಾಡಪಾ."

ಮಾಡಿದೆ. ಮರುದಿನ ಎಂಟು ತಾಸೂ ಅವಳ ಬಿಲ್ಲೆ ಹಸಿರಾಗೇ ಇತ್ತು. ವಾರದೊಳಗೆ ಮೂವತ್ತೊಂದು ಚೀಲ ಹೊಲಿದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನಮ್ಮ ಶಾಲೆಯಲ್ಲಿ ವಿಜ್ಞಾನದ ಕಪಾಟಿಗೆ ಹಾಕಿದ ಬೀಗವನ್ನು ಯಾರೂ ತೆಗೆದದ್ದು ಕಾಣೆ. ಅಂಥವನು ಸರ್ಕಾರದ ಯಂತ್ರವನ್ನೇ ಕಿವುಡು ಮಾಡಿದೆನಲ್ಲ ಅಂತ ಎದೆಯುಬ್ಬಿಸಿ ತಿರುಗಿದೆ. ಹೆಣ್ಣುಮಕ್ಕಳು ನನ್ನನ್ನು 'ಇಂಜಿನಿಯರ್' ಅಂತ ಕರೆದರು.

ಕರೆದರು ಅಂದರೆ ತುಟಿಯಲ್ಲಿ. ಮಗ್ಗದ ನಡುವೆ ಯಾರ ದನಿಯೂ ಯಾರಿಗೂ ಮುಟ್ಟುವುದಿಲ್ಲ. ಅದಕ್ಕೆ ನಮ್ಮವರು ದನಿಯಿಲ್ಲದೆ ತುಟಿ ಅಲ್ಲಾಡಿಸಿ ಮಾತಾಡುತ್ತಾರೆ. ಇಪ್ಪತ್ತು ಅಡಿ ಆಚೆಯಿಂದ ಬೈಯುತ್ತಾರೆ, ನಗುತ್ತಾರೆ, ಹೆಣ್ಣು ಗಂಡಿನ ಸಂಬಂಧ ಕುದುರಿಸುತ್ತಾರೆ. ಹೊಸದಾಗಿ ಸೇರಿದವರು ಎರಡು ತಿಂಗಳಲ್ಲಿ ಕಲಿತುಬಿಡುತ್ತಾರೆ, ಆಮೇಲೆ ಅದು ಮನೆಗೂ ಬರುತ್ತದೆ. ನಮ್ಮ ಓಣಿಯಲ್ಲಿ ಯಾರಿಗಾದರೂ ಏನಾದರೂ ಹೇಳಬೇಕೆಂದರೆ ಮೊದಲು ಭುಜ ಮುಟ್ಟುತ್ತೇವೆ, ಅವರು ಮುಖ ತಿರುಗಿಸಿದ ಮೇಲೆ ಬಾಯಿ ತೆರೆಯುತ್ತೇವೆ. ಇದು ನಮಗೆ ಮರ್ಯಾದೆಯಂತೆ ರೂಢಿಯಾಗಿದೆ.

*

ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ. ನಾನು, ನನ್ನ ಹೆಂಡತಿ ಕಸ್ತೂರಿ ಬೆಳಗಿನ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದೆವು. ಅವ್ವನದು ಮಧ್ಯಾಹ್ನದ ಪಾಳಿ. ನಾವು ಬರುವ ತನಕ ಎಂಟು ತಿಂಗಳ ಕೂಸು ಅವಳ ಹತ್ತಿರ ಇರುತ್ತಿತ್ತು. ಓಣಿಯ ತಿರುವಿನಲ್ಲೇ ಕೂಸು ಅಳುವುದು ಕೇಳಿಸಿತು. ಹಸಿವಿನ ಅಳು ಅಲ್ಲ, ಉಸಿರು ಸಿಕ್ಕಿಕೊಂಡಂಥ ಅಳು. ಕಸ್ತೂರಿ ಓಡಿದಳು.

ಕೂಸು ತೊಟ್ಟಿಲಿಂದ ಜಾರಿ, ಕಾಲು ಸೀರೆಯ ಜೋಲಿಯಲ್ಲಿ ಸಿಕ್ಕಿ, ತಲೆಕೆಳಗಾಗಿ ನೇತಾಡುತ್ತಿತ್ತು. ಮುಖ ನೀಲಿಗಟ್ಟಿತ್ತು. ಅಲ್ಲಿಂದ ಮೂರು ಮಾರು ದೂರದಲ್ಲಿ ಅವ್ವ ನಮಗೆ ಬೆನ್ನು ಹಾಕಿ ಕೂತು ರೊಟ್ಟಿ ಬಡಿಯುತ್ತಿದ್ದಳು. ತಾಳ ಹಾಕಿದ ಹಾಗೆ ಬಡಿಯುತ್ತಿದ್ದಳು.

"ಅತ್ತೀ! ಕೂಸು ಸಾಯಾಕತ್ತೈತಿ, ಕೇಳವಲ್ದೇನು ನಿಮಗ!" ಕಸ್ತೂರಿ ಚೀರಿದಳು.

ಅವ್ವ ತಿರುಗಲಿಲ್ಲ. ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು, ಮೇಲೆ ನೀರು ಸವರಿದಳು. ನಾನು ಹೋಗಿ ಭುಜ ಮುಟ್ಟಿದೆ. ಬೆಚ್ಚಿ ತಿರುಗಿ, "ಯಾವಾಗ ಬಂದ್ರಿ?" ಅಂದು ನಕ್ಕಳು. ಆಮೇಲೆ ಕಸ್ತೂರಿಯ ಕೈಯಲ್ಲಿದ್ದ ಕೂಸಿನ ಮುಖ ನೋಡಿದಳು. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ಕೂಸು ಉಳಿಯಿತು. ಅವ್ವ ಆವತ್ತಿನಿಂದ ಅದನ್ನು ಒಂಟಿಯಾಗಿ ಎತ್ತಿಕೊಳ್ಳುವುದನ್ನು ಬಿಟ್ಟಳು. ಯಾರಾದರೂ ಹತ್ತಿರ ಇದ್ದರೆ ಮಾತ್ರ ಮುಟ್ಟುತ್ತಿದ್ದಳು.

ಐದು ತಿಂಗಳ ಮೇಲೆ ಆಸ್ಪತ್ರೆಯ ಸರದಿ ಬಂದಾಗ ಪರೀಕ್ಷೆ ಮಾಡಿದ ಡಾಕ್ಟರು ಹೇಳಿದರು: ಒಳಗಿವಿಯಲ್ಲಿ ಕೂದಲಿನಂಥ ಕೋಶಗಳಿರುತ್ತವೆ, ಗದ್ದಲಕ್ಕೆ ಅವು ಬಾಗಿ ಬಾಗಿ ಸಾಯುತ್ತವೆ. ಅವ್ವನವು ಸತ್ತಿವೆ. ಆದರೆ ಈಗ ಒಂದು ಔಷಧ ಇದೆ, ಕಿವಿಹನಿ. ಒಳಗಿವಿಗೆ ಹನಿಸಿದರೆ ಪಕ್ಕದ ಕೋಶಗಳೇ ಹೊಸ ಕೂದಲು ಬಿಡುತ್ತವೆ, ತಿಂಗಳೊಪ್ಪತ್ತಿನಲ್ಲಿ ಕೇಳಲು ಶುರುವಾಗುತ್ತದೆ. ಕಿವಿ ಸತ್ತು ಎರಡು ವರ್ಷದೊಳಗೆ ಹನಿಸಬೇಕು. ಆಮೇಲೆ ಆ ಜಾಗ ಗಾಯ ಮಾಗಿದಂತೆ ಗಟ್ಟಿಯಾಗಿರುತ್ತದೆ. ಆಗ ಹನಿಸಿದರೆ ಉಳಿದ ಚೂರೂ ಹೋಗುತ್ತದೆ, ಮೈಯ ಸಮತೋಲವೂ ತಪ್ಪಿ ಮನುಷ್ಯ ನೆಟ್ಟಗೆ ನಿಲ್ಲಲಾರ. ಕಿವಿ ಎಷ್ಟು ಹೋಗಿದೆ ಅನ್ನುವುದನ್ನು ಪರೀಕ್ಷೆ ಹೇಳುತ್ತದೆ. ಯಾವಾಗ ಹೋಯಿತು ಅನ್ನುವುದನ್ನು ಕಿವಿಬಿಲ್ಲೆಯ ದಾಖಲೆಯೇ ಹೇಳಬೇಕು. ಸರ್ಕಾರ ಹನಿ ಕೊಡುವುದು ಆ ದಾಖಲೆಯ ಮೇಲೆ.

ಅರ್ಜಿಯಲ್ಲಿ ಕಿವಿ ಹೋಗಿ ಐದು ತಿಂಗಳು ಅಂತ ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು. ಅರ್ಜಿದಾರರು ನಾಲ್ಕು ವರ್ಷವೂ ಸರಾಸರಿ ಎಪ್ಪತ್ತೊಂಬತ್ತು ಡೆಸಿಬೆಲ್ಲಿನ ಸುರಕ್ಷಿತ ವಾತಾವರಣದಲ್ಲಿ ಕೆಲಸ ಮಾಡಿರುವುದರಿಂದ, ಅವರ ಕಿವುಡುತನಕ್ಕೆ ಕೆಲಸ ಕಾರಣವಲ್ಲ.

ಸುರಕ್ಷಿತ ವಾತಾವರಣ! ಕಾಗದ ಹಿಡಿದುಕೊಂಡು ಬಸ್ಸು ಹತ್ತಿದೆ.

*

ಶಬ್ದ ಮಾಪನ ಕೇಂದ್ರ ಜಿಲ್ಲಾ ಊರಿನ ಹೊರಗಿದೆ. ಕಿಟಕಿಯಲ್ಲಿ ಕೂತವನ ಮುಂದೆ ನಾನು ಏನೇನು ಕೂಗಾಡಿದೆನೋ ನೆನಪಿಲ್ಲ. ಒಳಗಿಂದ ಒಬ್ಬ ಹೆಂಗಸು ಬಂದರು. ನಲವತ್ತೈದು ದಾಟಿದವರು, ಕನ್ನಡಕ ತಲೆಯ ಮೇಲೆ. ವಿದ್ಯಾ ಹಂಚಿನಾಳ, ಅಲ್ಲಿನ ವಿಜ್ಞಾನಿ.

"ಸಣ್ಣಗ ಮಾತಾಡ್ರಿ. ಇಲ್ಲಿ ಗ್ವಾಡಿಗೂ ಸೆನ್ಸರ್ ಅದಾವು. ನೀವು ಈಗ ತೊಂಬತ್ನಾಲ್ಕು ಮುಟ್ಟೀರಿ."

"ನಮ್ಮವ್ವ ಇಪ್ಪತ್ತೆರಡು ವರ್ಷ ತೊಂಬತ್ತೇಳರಾಗ ನಿಂತಾಳ್ರಿ ಮೇಡಮ್. ಒಂದ್ ದಿನ ನೀವ್ ಬಂದು ನಿಲ್ರಿ."

ಅವರು ಸಿಟ್ಟಾಗಲಿಲ್ಲ. ಒಳಗೆ ಕರೆದು ಪರದೆಯ ಮೇಲೆ ನಮ್ಮ ಕಾರ್ಖಾನೆಯ ದಾಖಲೆ ತೆಗೆದರು. ಮೂವತ್ತೊಂದು ಗೆರೆ, ನಾಲ್ಕು ವರ್ಷ, ಎಲ್ಲವೂ ಎಪ್ಪತ್ತೊಂಬತ್ತರ ಆಚೀಚೆ.

"ಪಾವರ್‌ಲೂಮೋ ಚಾದ ಅಂಗಡಿಯೋ ಇದು?" ಅಂದರು. "ಮೂರು ಸಲ ತನಿಖೆಗೆ ಬರದೀನಿ. ಹಸಿರು ಬಿಲ್ಲೆಯ ಕಾರ್ಖಾನಿಗೆ ಯಾಕ ಹೋಗೂದು ಅಂತ ಮ್ಯಾಲಿನವರು ಕಳಸಲಿಲ್ಲ."

ಕಿಸೆಯಿಂದ ಚೀಲ ತೆಗೆದು ಅವರ ಮೇಜಿನ ಮೇಲಿಟ್ಟೆ. ಬಸ್ಸಿನಲ್ಲಿ ಬರುವಾಗಲೇ ಗಟ್ಟಿ ಮಾಡಿಕೊಂಡಿದ್ದೆ. ಹಿಡಿದು ಜೈಲಿಗೆ ಹಾಕಿದರೂ ಸರಿ.

ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಹೊಲಿಗೆ ಬಿಚ್ಚಿ ನೂಲು ಹಿಂಜಿದರು. "ಯಾರು ಮಾಡಿದ್ದು?"

"ನಾನ."

"ಭಾಳ ಛಲೋ ಮಾಡೀರಿ" ಅಂದರು. ಹೊಗಳಿಕೆಯೋ ಕಪಾಳಕ್ಕೆ ಕೊಟ್ಟದ್ದೋ ತಿಳಿಯಲಿಲ್ಲ. "ನಾ ಪೊಲೀಸ್ ಅಲ್ಲ. ಈ ಚೀಲ ಎಷ್ಟು ಡೆಸಿಬೆಲ್ ತಿಂತೈತಿ ಅಂತ ತೋರಿಸಿದ್ರ, ನಾಲ್ಕು ವರ್ಷದ ಪ್ರತಿ ಸೆಕೆಂಡಿಗೂ ಅಷ್ಟನ್ನ ವಾಪಸ್ ಕೂಡಸಬಹುದು. ಖರೇ ದಾಖಲೆ ಸಿಗತೈತಿ. ಆದ್ರ ಒಂದ್ ಮಾತು. ನಿಮ್ಮ ಕಾರ್ಖಾನಿಗೆ ಬೀಗ ಬೀಳಬಹುದು."

"ಬೀಳ್ಲಿ."

ಗೋಡೆಗೆಲ್ಲ ಸ್ಪಂಜಿನ ಮುಳ್ಳು ಅಂಟಿಸಿದ ಕೋಣೆ. ಬಾಗಿಲು ಹಾಕಿದರೆ ನನ್ನ ಎದೆಯ ಬಡಿತ ನನಗೇ ಕೇಳುವಂತಿತ್ತು. ಒಂದು ಕಡೆ ಸ್ಪೀಕರು, ಒಂದು ಮೀಟರು ದೂರದಲ್ಲಿ ಕೋಲಿನ ಮೇಲೆ ಬಿಲ್ಲೆ. ಅವರು ಹೇಳಿಕೊಟ್ಟರು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ದೂರ ಬದಲಿಸಿದರೆ ಚೀಲ ಬದಲಿಸಬಾರದು, ಚೀಲ ಬದಲಿಸಿದರೆ ಸದ್ದು ಬದಲಿಸಬಾರದು. ಪ್ರತಿಯೊಂದನ್ನೂ ಹತ್ತು ಸಲ ಅಳೆಯಬೇಕು, ಯಾಕೆಂದರೆ ಒಂದು ಸಲದ ಅಂಕಿ ಬಾಯಿಗೆ ಬಂದಂತೆ ಮಾತಾಡುತ್ತದೆ.

ಬರಿ ಬಿಲ್ಲೆ: ತೊಂಬತ್ತೇಳು. ಒಂದೇ ಪದರ ಬಟ್ಟೆ ಸುತ್ತಿದರೆ: ತೊಂಬತ್ನಾಲ್ಕು. ಬಟ್ಟೆ, ನೂಲು: ತೊಂಬತ್ತು. ಮತ್ತೆ ಹೊಲಿದು ಮೇಣ ಹಚ್ಚಿದ ನನ್ನ ಚೀಲ: ಎಪ್ಪತ್ತೊಂಬತ್ತು. ಮತ್ತೆ ಎಪ್ಪತ್ತೊಂಬತ್ತು. ಮತ್ತೆ ಎಪ್ಪತ್ತೊಂಬತ್ತು.

"ಹದಿನೆಂಟು" ಅಂದರು ಮೇಡಮ್.

"ಮೇಡಮ್, ಬ್ಯಾಸಗಿಯೊಳಗ ಚೀಲ ಬೆವರಿಗೆ ತೋಯ್ತಿತ್ರಿ. ತೋಯಿಸಿ ನೋಡೂಣು."

ಅವರು ನನ್ನ ಮುಖ ನೋಡಿದರು. "ಎಲ್ಲಿ ಕಲಿತೀರಿ?" ಅಂದರು. ನಾನು ಚೀಲವನ್ನು ನೀರಿಗೆ ಅದ್ದಿದೆ. ತೋಯಿಸಿದಾಗ ಹದಿನೇಳು. ಅದನ್ನೂ ಬರೆದುಕೊಂಡರು. ಎರಡು ದಿನ ಅಳೆದೆವು. ನಿಜ ಹೇಳಬೇಕೆಂದರೆ ಅವೆರಡು ದಿನ ನಾನು ಅವ್ವನನ್ನು ಮರೆತಿದ್ದೆ. ಅಂಕಿ ಅಂಕಿಗೆ ಕೂಡುವುದು, ನಾನು ಅಂದುಕೊಂಡಂತೆಯೇ ಸೂಜಿ ನಿಲ್ಲುವುದು, ಅದರ ರುಚಿ ಹತ್ತಿತ್ತು. ಬೀಗ ಹಾಕಿದ ಆ ಕಪಾಟಿನ ಮೇಲೆ ಮತ್ತೆ ಸಿಟ್ಟು ಬಂತು.

ಕಡೆಗೊಂದು ಉಳಿದಿತ್ತು. ಕಾರ್ಖಾನೆಯಲ್ಲಿ, ಅವ್ವನ ಮಗ್ಗದ ಹತ್ತಿರ, ಚೀಲವಿಲ್ಲದ ಬಿಲ್ಲೆಯ ಅಳತೆ. ಮರುದಿನ ಅವ್ವನ ಪಾಳಿಯಲ್ಲಿ ಅವಳ ಹೆಗಲಿಗೆ ಬರಿ ಬಿಲ್ಲೆ ಚುಚ್ಚಿದೆ. ಸರಿಯಾಗಿ ಅರ್ಧ ತಾಸಿಗೆ ಕೆಂಪಾಯಿತು, ಅವಳ ಮಗ್ಗ ನಿಂತಿತು. ಪಕ್ಕದ ಮಗ್ಗದ ಬೌರವ್ವ ತುಟಿಯಲ್ಲೇ ರೇಗಿದಳು: "ಇಂಜಿನಿಯರ್ ಸಾಹೇಬ್ರು ಹೊಲ್ಯಾಕೂ ತಾವ, ಬಿಚ್ಚಾಕೂ ತಾವ! ನಮ್ಮ ಹೊಟ್ಟಿ ಮ್ಯಾಲ ಯಾಕಪಾ ಪ್ರಯೋಗ?"

ನಾನು ತುಟಿಯಲ್ಲೇ, "ಅವ್ವನ ಕಿವಿ ಸಲುವಾಗಿ" ಅಂದೆ. ಅವಳು ಮುಖ ತಿರುಗಿಸಿದಳು. ಬಿಲ್ಲೆಯ ಅಂಕಿ ತೊಂಬತ್ತೇಳು. ಕೇಂದ್ರದ ಕೋಣೆಯ ಲೆಕ್ಕಕ್ಕೂ ಇದಕ್ಕೂ ಕೂದಲಷ್ಟೂ ವ್ಯತ್ಯಾಸ ಇರಲಿಲ್ಲ.

*

ಮುಂದಿನ ವಾರ ಮೇಡಮ್ ನನ್ನನ್ನು ಕೂರಿಸಿಕೊಂಡೇ ಲೆಕ್ಕಕ್ಕೆ ಹಾಕಿದರು. ಅವ್ವನ ಗೆರೆ ಪರದೆಯ ಮೇಲೆ ಹದಿನೆಂಟು ಮೆಟ್ಟಿಲು ಮೇಲಕ್ಕೆ ಎದ್ದಿತು. ಬಿಲ್ಲೆ ಕೊಟ್ಟ ದಿನ ಎಲ್ಲರ ಕಿವಿಯನ್ನೂ ಪರೀಕ್ಷಿಸಿದ್ದರು. ಅವ್ವನದು ಆಗಲೇ ಅರ್ಧ ಸವೆದಿತ್ತು. ಅಲ್ಲಿಂದ ಮುಂದೆ, ಒಂದೊಂದು ಪಾಳಿಗೆ ಎಷ್ಟು ಕೋಶ ಸತ್ತವು ಅನ್ನುವುದನ್ನು ಯಂತ್ರ ಕೂಡಿಸುತ್ತಾ ಹೋಯಿತು. ನನಗೆ ಖುಷಿ ತಡೆಯಲಾಗಲಿಲ್ಲ. ಸುಳ್ಳು ಕಾಗದ ನಮ್ಮ ಕಣ್ಣೆದುರೇ ಖರೇ ಆಗುತ್ತಿತ್ತು.

ಯಂತ್ರ ನಿಂತಿತು. ಕಿವಿ ಸತ್ತ ದಿನ ಅಂತ ಒಂದು ತಾರೀಖು ತೋರಿಸಿತು.

ಮೇಡಮ್ ಕನ್ನಡಕ ಇಳಿಸಿ ನೋಡಿದರು. ಮತ್ತೊಮ್ಮೆ ಲೆಕ್ಕಕ್ಕೆ ಹಾಕಿದರು. ಅದೇ ತಾರೀಖು.

"ಬಾಳಪ್ಪ," ಅಂದರು, "ಐದು ತಿಂಗಳು ಅಂತ ಯಾರು ಹೇಳಿದ್ದು?"

"ನಾವ ನೋಡೀವ್ರಿ. ಕೂಸು ಬಿದ್ದ ದಿನ."

"ಇದು ಮೂರು ವರ್ಷ ಎರಡು ತಿಂಗಳ ಹಿಂದಿನ ತಾರೀಖು."

ನನಗೆ ತಕ್ಷಣ ಅರ್ಥವಾಗಲಿಲ್ಲ. "ಅಂದ್ರ ಖರೇ ದಾಖಲೆ ಸಿಕ್ಕಂಗ ಆತಲ್ರಿ? ಹನಿ ಕೊಡ್ತಾರಲ್ರಿ?"

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಎರಡು ವರ್ಷದ ಗಡಿ ಬಾಳಪ್ಪ. ಮೀರಿ ಹೋಗೇತಿ. ಈಗ ಹನಿಸಿದ್ರ ನಿಮ್ಮವ್ವ ನೆಟ್ಟಗ ನಿಂದ್ರೂದಿಲ್ಲ. ನನಗ ಬರದುಕೊಡಾಕ ಬರೂದಿಲ್ಲ."

"ಹಂಗಾರ ಆ ಮೊದಲಿನ ಸುಳ್ಳು ಕಾಗದಾನ ಇರ್ಲಿ ಬಿಡ್ರಿ!"

"ಅದರಾಗೂ ಹನಿ ಇಲ್ಲ."

ಸುಳ್ಳು ಹಿಡಿದರೆ ಕಿವಿ ಕೆಟ್ಟದ್ದು ಕೆಲಸದಿಂದ ಅಲ್ಲ. ನಿಜ ಹಿಡಿದರೆ ಕೆಟ್ಟು ಬಹಳ ದಿನ ಆಯಿತು. ಬಿಲ್ಲೆ ಕೆಂಪಾಗಿದ್ದವರಿಗೆ ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ ಇತ್ತಂತೆ, ಹಸಿರಿನವರಿಗೆ ಇರಲಿಲ್ಲ. ಅವ್ವನ ಬಿಲ್ಲೆ ಎಂದೂ ಕೆಂಪಾಗದಂತೆ ನೋಡಿಕೊಂಡವನು ಇಲ್ಲೇ ಕುರ್ಚಿಯ ಮೇಲೆ ಕೂತಿದ್ದ.

"ಮೂರು ವರ್ಷ," ಅಂದರು ಮೇಡಮ್. ದೂರುವ ದನಿಯಲ್ಲಿ ಅಲ್ಲ, ನಿಜಕ್ಕೂ ತಿಳಿಯದೆ ಕೇಳಿದರು. "ಒಂದ ಮನಿಯಾಗ ಇದ್ದು ಯಾರಿಗೂ ಗೊತ್ತಾಗಲಿಲ್ಲೇನು?"

ಭುಜ ಮುಟ್ಟುವುದು, ಮುಖ ತಿರುಗುವ ತನಕ ಕಾಯುವುದು, ತುಟಿ ಅಲ್ಲಾಡಿಸುವುದು. ಮೂರು ವರ್ಷದಲ್ಲಿ ನಾನು ಒಂದು ಸಲವಾದರೂ ಅವಳನ್ನು ಬೆನ್ನ ಹಿಂದಿನಿಂದ ಕರೆದಿದ್ದೆನೇ? ಯೋಚಿಸಿದೆ. ಒಂದು ಸಲವೂ ನೆನಪಾಗಲಿಲ್ಲ.

*

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಎದುರಿಗೆ ಕೂತೆ. ಬಸ್ಸಿನಲ್ಲಿ ನಾಲ್ಕು ಸುಳ್ಳು ಕಟ್ಟಿಕೊಂಡು ಬಂದಿದ್ದೆ. ತುಟಿ ಓದುವವಳ ಮುಂದೆ ಸುಳ್ಳು ಹೇಳುವುದು ಕಷ್ಟ. ಅವಳು ಮಾತು ಒಂದನ್ನೇ ನೋಡುವುದಿಲ್ಲ, ಇಡೀ ಮುಖ ನೋಡುತ್ತಾಳೆ.

"ಹನಿ ಇಲ್ಲ ಅಂದ್ರೇನು ಅವ್ರು?" ಅಂದಳು, ನಾನು ಬಾಯಿ ತೆರೆಯುವ ಮೊದಲೇ.

ತಾರೀಖು ಹೇಳಿದೆ. ಅವಳು ಸೊಪ್ಪಿನ ದಂಟು ಮುರಿಯುತ್ತಾ ತಲೆಯಾಡಿಸಿದಳು.

"ಯವ್ವಾ, ನಿನಗ ಗೊತ್ತಿತ್ತು?"

"ನಿನ್ನ ಲಗ್ನದಾಗ ಸನಾದಿಯವರು ಬಂದಿದ್ರಲ್ಲ. ಅವರ ಗಲ್ಲ ಉಬ್ಬೂದು ನೋಡ್ಕೋತ ಕುಂತಿದ್ದೆ. ಎಲ್ಲಾರೂ ತಲಿ ಹಾಕಿದ್ರು, ನಾನೂ ಹಾಕಿದೆ."

"ಹೇಳಬಾರದಾಗಿತ್ತೇನು?"

"ಹೇಳಿದ್ರ ಮಗ್ಗದ ಮ್ಯಾಲ ಇಟ್ಗೋತಿದ್ರೇನು? ಲಾಳಿ ಹದ ತಪ್ಪಿದ್ದು ಕಿವಿಗೇ ತಿಳಿಬೇಕು. ನಾ ಮಗ್ಗದ ಮ್ಯಾಲ ಕೈ ಇಟ್ಟು ತಿಳ್ಕೋತಿದ್ದೆ, ನಡುಕ ಗೊತ್ತಾಕ್ಕಿತ್ತು." ಸ್ವಲ್ಪ ಹೊತ್ತು ಸೊಪ್ಪು ಮುರಿದಳು. "ಹನಿ ಐತಿ ಅಂತ ಆಗ ಯಾರಿಗೆ ಗೊತ್ತಿತ್ತಪಾ."

ಒಳಗೆ ಕೂಸು ಏನೋ ಕಿರುಚಿತು, ಆಟದ ಕಿರುಚು. ಅವ್ವ ನನ್ನ ಕಣ್ಣು ಆ ಕಡೆ ಹೊರಳಿದ್ದು ನೋಡಿ ತಾನೂ ಆ ಕಡೆ ನೋಡಿದಳು.

"ಬಾಳ್ಯಾ, ಅದರ ದನಿ ಯಾರಂಗ ಐತಿ? ಕಸ್ತೂರಿಯಂಗೋ, ನಮ್ಮಂಗೋ?"

ಹೇಳಲು ಹೋದೆ. ದನಿ ಬರಲಿಲ್ಲ. ದನಿ ಬರದಿದ್ದರೂ ಅವಳಿಗೆ ತಿಳಿಯುತ್ತಿತ್ತು, ತುಟಿ ಆಡಿಸಿದರೆ ಸಾಕಿತ್ತು. ಅದೂ ಆಗಲಿಲ್ಲ. ಅವಳು ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ತಲೆಯ ಮೇಲೆ ಇಟ್ಟಳು. "ಚೀಲ ಹೊಲಿ ಅಂದಾಕಿ ನಾ," ಅಂದಳು. "ನಾ ಅಂದಿದ್ದಕ್ಕ ನೀ ಹೊಲದಿ. ಅಷ್ಟ ಐತಿ ಅದು. ಉಳದವರ ಕಿವಿದು ಏನಾರ ನೋಡು ಹೋಗು."

*

ಮತ್ತೆ ಕೇಂದ್ರಕ್ಕೆ ಹೋದೆ. ಮೇಡಮ್ ಕೈಯಲ್ಲಿ ಹಿಡಿದು ಸದ್ದು ಅಳೆಯುವ ಒಂದು ಯಂತ್ರ ಕೊಟ್ಟರು. ಮರುದಿನ ಬೆಳಗಿನ ಪಾಳಿಯ ಊಟದ ಹೊತ್ತು. ಕರೆಂಟು ತೆಗೆದಿದ್ದರು, ಮಗ್ಗಗಳು ನಿಂತಿದ್ದವು. ಹದಿನಾರು ಹೆಣ್ಣುಮಕ್ಕಳು ಗೋಡೆಯ ಕಡೆ ಮುಖ ಮಾಡಿ ಇಬ್ಬಿಬ್ಬರಾಗಿ, ಮೂವರಾಗಿ ಕೂತು ಬುತ್ತಿ ಬಿಚ್ಚಿದ್ದರು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಹೇಳಿದ್ದರೆ ಎಲ್ಲರೂ ಕಾಯುತ್ತಾ ಕೂತು ತಿರುಗಿಬಿಡುತ್ತಿದ್ದರು, ಪ್ರಯೋಗ ಕೆಡುತ್ತಿತ್ತು. ಕಸ್ತೂರಿಗೂ ಹೇಳಿರಲಿಲ್ಲ.

ಎಲ್ಲರಿಗೂ ಒಂದೇ ದೂರ, ಎರಡು ಮಾರು. ಎಲ್ಲರಿಗೂ ಒಂದೇ ದನಿ, ಅರವತ್ತು ಡೆಸಿಬೆಲ್. ಮನೆಯಲ್ಲಿ ಯಾರನ್ನಾದರೂ ಊಟಕ್ಕೆ ಕರೆದರೆ ಅಷ್ಟಾಗುತ್ತದೆ.

ಮೊದಲು ಕಸ್ತೂರಿಯ ಹಿಂದೆ ನಿಂತೆ. "ಕಸ್ತೂರಿ" ಅಂದೆ.

"ಏನ್ರಿ?" ತಿರುಗಿದಳು. "ಹಿಂದ ನಿಂತು ಹಿಂಗ್ಯಾಕ ಹೆದರಸ್ತೀರಿ?"

ತಲೆಯಾಡಿಸಿ ಮುಂದೆ ಹೋದೆ. ಅವಳ ಪಕ್ಕದ ಇಬ್ಬರೂ ಹೆಸರು ಕರೆದ ಕೂಡಲೇ ತಿರುಗಿದರು. ಒಬ್ಬಳು ಪಲ್ಯ ಹಾಕಲು ಬಂದಳು.

"ಜೈತುನಬಿ" ಅಂದೆ.

ಅವಳು ರೊಟ್ಟಿ ಮುರಿದಳು. ಯಂತ್ರ ನೋಡಿದೆ, ಅರವತ್ತೊಂದು. "ಜೈತುನಬಿ." ಅವಳು ಚಟ್ನಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಹೆಸರು ಬರೆದುಕೊಂಡೆ.

ನೀಲವ್ವ ತಿರುಗಲಿಲ್ಲ. ಗಂಗೂಬಾಯಿ ಎರಡನೇ ಸಲಕ್ಕೆ ತಿರುಗಿದಳು. ಅದನ್ನೂ ಬರೆದೆ.

ಕಾರ್ಖಾನೆಯ ತುದಿಯಲ್ಲಿ ಕೂತಿದ್ದವಳು ಶೋಭಾ. ವಯಸ್ಸು ಇಪ್ಪತ್ತನಾಲ್ಕು, ಬಿಟ್ಟುಹೋದ ಒಬ್ಬಳ ಜಾಗಕ್ಕೆ ಕೆಲಸಕ್ಕೆ ಬಂದು ಒಂದೂವರೆ ವರ್ಷ. ಮೂವತ್ತೆರಡನೇ ಚೀಲ ಅವಳಿಗೆ ಹೊಲಿದುಕೊಟ್ಟದ್ದು. ಪಕ್ಕದಲ್ಲಿ ಅವಳ ಕಡೆ ತಿರುಗಿ ಕೂತ ಗೆಳತಿ ತುಟಿಯಲ್ಲಿ ಏನೋ ಹೇಳುತ್ತಿದ್ದಳು. ಶೋಭಾ ಬಾಯಿಗೆ ಸೆರಗು ಅಡ್ಡ ಹಿಡಿದು, ಭುಜ ಕುಣಿಯುವಂತೆ ನಗುತ್ತಿದ್ದಳು.

"ಶೋಭಾ" ಅಂದೆ.

ಗೆಳತಿ ತಲೆಯೆತ್ತಿ ನನ್ನನ್ನು ನೋಡಿದಳು. ಶೋಭಾ ನಗುತ್ತಲೇ ಇದ್ದಳು.

"ಶೋಭಾ."

ಅರವತ್ತೆರಡು. ಒಂದೂವರೆ ವರ್ಷ. ಹನಿಯ ಎರಡು ವರ್ಷದ ಗಡಿ ಇನ್ನೂ ಮೀರಿಲ್ಲ. ಅವಳ ಹೆಸರಿನ ಮುಂದೆ ತಾರೀಖು ಬರೆದೆ. ಬರೆಯುವುದನ್ನು ಗೆಳತಿ ನೋಡುತ್ತಿದ್ದಳು. ಅವಳ ಮುಖದಲ್ಲಿ ನಗು ನಿಂತುಹೋಗಿತ್ತು.

ಇನ್ನೂ ಒಂಬತ್ತು ಜನ ಉಳಿದಿದ್ದರು. ಮುಂದಿನವಳ ಬೆನ್ನ ಹಿಂದೆ ಹೋಗಿ ನಿಂತೆ.